ನಿದ್ದೆ ಅಂಬುಜಮ್ಮನ ಮಗಳು

ನಮ್ಮೂರಿನಿಂದ ಎದುರೂರಿಗೆ ವಿಮಾನದಲ್ಲಿ ಎಷ್ಟು ಹೊತ್ತು ಎಂದು ಹೊಸಬರು ಯಾರಾದರೂ ಕೇಳಿದರೆ ನಮಗೆ ನಗು ಬರುತ್ತದೆ. ಯಾರಿಗೆ ಎಷ್ಟು ಹೊತ್ತು ಎಂದು ಕೇಳಬೇಕು ಸ್ವಾಮಿ! ನಮ್ಮ ಪೋಸ್ಟ್‌ಮಾಸ್ತರರಿಗೆ ಇಪ್ಪತ್ತು ನಿಮಿಷ. ಬಾಯಿಗೆ ಹಾಕಿಕೊಂಡ ಪೆಪ್ಪರಮೆಂಟು ಕರಗುವಷ್ಟರಲ್ಲಿ ಅವರ ಎದುರೂರು ಬಂದಿರುತ್ತದೆ. ಅದೇ ವಿಮಾನದಲ್ಲಿ, ಅವರ ಪಕ್ಕದ ಸೀಟಿನಲ್ಲೇ ಕೂತು ಹೊರಟ ಅವರ ಹೆಂಡತಿಗೆ ಎರಡೂವರೆ ಗಂಟೆ. ಪೋಸ್ಟ್‌ಮಾಸ್ತರರು ಇಳಿದು, ನಿಲ್ದಾಣದ ಕ್ಯಾಂಟೀನಿನಲ್ಲಿ ಬೋಂಡಾ ತಿಂದು, ಪೇಪರು ಓದಿ, ಬೆಂಚಿನ ಮೇಲೆ ಸಣ್ಣದೊಂದು ನಿದ್ದೆ ತೆಗೆದು ಏಳುವ ಹೊತ್ತಿಗೆ ಆಕೆ ಸೀರೆಯ ನೆರಿಗೆ ಸರಿಮಾಡಿಕೊಳ್ಳುತ್ತಾ ಬರುತ್ತಾರೆ. ಮದುವೆಯಾಗಿ ಇಷ್ಟು ವರ್ಷ ಜಗಳವಿಲ್ಲದೆ ಬಾಳಿದ್ದಕ್ಕೆ ಅದೇ ಕಾರಣ ಎಂದು ಇಬ್ಬರೂ ಹೇಳುತ್ತಾರೆ.

ಎರಡೂ ಊರುಗಳ ನಡುವೆ ರಸ್ತೆ ಇಲ್ಲ, ರೈಲಿಲ್ಲ. ಎರಡೂ ಕಡೆಯಿಂದ ದಿನಕ್ಕೊಂದು ವಿಮಾನ, ಮಧ್ಯಾಹ್ನ ಹನ್ನೆರಡಕ್ಕೆ. ತಮ್ಮ ಊರು ಬಂದದ್ದು ಪ್ರತಿಯೊಬ್ಬರಿಗೂ ಗೊತ್ತಾಗುವುದು ಕಿವಿಯಿಂದ. ಕಿವಿಯೊಳಗೆ ಟಪ್ ಎನ್ನುತ್ತದೆ. ಟಪ್ ಎಂದವರು ಚೀಲ ಎತ್ತಿಕೊಂಡು ಎದ್ದು, ಮುಂದುಗಡೆಯ ನೀಲಿ ಪರದೆ ಸರಿಸಿ ಕಾಲಿಟ್ಟರೆ ಮುಗಿಯಿತು, ಎದುರೂರಿನ ನಿಲ್ದಾಣದಲ್ಲಿರುತ್ತಾರೆ. ಮಿಕ್ಕವರು ಹಾರುತ್ತಲೇ ಇರುತ್ತಾರೆ. ಇದರಲ್ಲಿ ಆಶ್ಚರ್ಯಪಡುವಂಥದ್ದು ನಮಗೇನೂ ಕಾಣುವುದಿಲ್ಲ. ಒಂದೇ ಸೀರೆ ಒಬ್ಬಳಿಗೆ ಗಿಡ್ಡವಾಗಿ ಇನ್ನೊಬ್ಬಳಿಗೆ ಉದ್ದವಾಗುವುದಿಲ್ಲವೇ, ಹಾಗೆ.

ನನಗಂತೂ ಅನ್ನ ಹಾಕಿದ್ದೇ ಈ ಹೊತ್ತು. ವಿಮಾನದ ಮೈದಾನದ ಗೇಟಿನ ಪಕ್ಕ ನನ್ನದೊಂದು ಬುತ್ತಿ ಅಂಗಡಿ ಇದೆ. ಗಂಟೆಯೊಳಗಿನವರಿಗೆ ಕಡಲೆಕಾಯಿ ಪೊಟ್ಟಣ, ಎರಡು ಗಂಟೆಯವರಿಗೆ ಚಿತ್ರಾನ್ನ, ಅದಕ್ಕೂ ಮೇಲಿನವರಿಗೆ ಚಪಾತಿ ಪಲ್ಯದ ಜೊತೆಗೆ ಮೊಸರನ್ನ. ಬಳೆ ವ್ಯಾಪಾರಿ ಖಾದರ್ ಸಾಬರು ಬಂದರೆ ಎರಡು ಬುತ್ತಿ ಕಟ್ಟುತ್ತೇನೆ. ಅವರಷ್ಟು ದೂರದವರು ನಮ್ಮೂರಿನಲ್ಲಿ ಇನ್ನೊಬ್ಬರಿಲ್ಲ. ಒಂದು ಕೈಯಲ್ಲಿ ಬಳೆಯ ಪೆಟ್ಟಿಗೆ, ಇನ್ನೊಂದು ಕೈಯಲ್ಲಿ ತಲೆದಿಂಬು ಹಿಡಿದು ಹತ್ತಿದರೆ ಅವರು ಇಳಿಯುವಾಗ ಎದುರೂರಿನಲ್ಲಿ ದೀಪ ಹಚ್ಚುವ ಹೊತ್ತಾಗಿರುತ್ತದೆ. ಪ್ರಾಯದಿಂದಲೂ ವಾರ ತಪ್ಪದೆ ಹೋಗಿಬರುವ ಮನುಷ್ಯ, ಬೇಸರ ಎಂದವರಲ್ಲ.

ಮಕ್ಕಳಿಗೆ ತಾಯಿಯ ಹೊತ್ತು ಬರುತ್ತದೆ. ಬಣ್ಣ ಅಪ್ಪನದು ಬರಬಹುದು, ಮೂಗು ಅಜ್ಜಿಯದು ಬರಬಹುದು, ಹೊತ್ತು ಮಾತ್ರ ಹೆತ್ತವಳದೇ. ಅದಕ್ಕೇ ಮಕ್ಕಳಿಗೆ ಹದಿನಾಲ್ಕು ತುಂಬಿದಾಗ ನಮ್ಮಲ್ಲಿ ಹೊತ್ತು ನೋಡುವ ಶಾಸ್ತ್ರ ಮಾಡುತ್ತಾರೆ. ತಾಯಿಯ ಕೈಗೂ ಮಗುವಿನ ಕೈಗೂ ಒಂದೇ ಹಳದಿ ದಾರದ ಎರಡು ತುದಿ ಕಟ್ಟಿ ವಿಮಾನ ಹತ್ತಿಸುತ್ತಾರೆ. ಟಪ್ ಎಂದಾಗ ಇಬ್ಬರೂ ಒಟ್ಟಿಗೆ ಏಳಬೇಕು, ಒಟ್ಟಿಗೆ ಪರದೆ ದಾಟಬೇಕು. ಆಚೆ ಸೋದರಮಾವ ಕಾದಿದ್ದು ದಾರ ಬಿಚ್ಚಿ ಬಾಯಿಗೆ ಬೆಲ್ಲ ಹಾಕುತ್ತಾನೆ. ಒಟ್ಟಿಗೆ ದಾಟದ ತಾಯಿ ಮಕ್ಕಳನ್ನು ನಮ್ಮೂರು ನೋಡಿಯೇ ಇರಲಿಲ್ಲ. ಹಾಗಾಗಿ ಆ ಶಾಸ್ತ್ರದಲ್ಲಿ ಬೆಲ್ಲ ಬಿಟ್ಟರೆ ಬೇರೆ ಯಾವ ಕುತೂಹಲವೂ ಯಾರಿಗೂ ಇರುತ್ತಿರಲಿಲ್ಲ.

ನನಗೆ ಆ ಬೆಲ್ಲ ಸಿಗಲಿಲ್ಲ. ಅದಕ್ಕೆ ಕಾರಣ ನನ್ನ ಕಿವಿ, ಕಿವಿಗೆ ಕಾರಣ ಅಮ್ಮನ ನಿದ್ದೆ.

ಅಮ್ಮನ ಹೆಸರು ಅಂಬುಜಮ್ಮ. ಊರಿಗೆಲ್ಲ ನಿದ್ದೆ ಅಂಬುಜಮ್ಮ. ಹೆರಿಗೆಗೆಂದು ಎದುರೂರಿನ ತವರಿಗೆ ಹೋದವಳು ಬಾಣಂತನ ಮುಗಿಸಿ, ಮೂರು ತಿಂಗಳ ನನ್ನನ್ನು ಮಡಿಲಲ್ಲಿಟ್ಟುಕೊಂಡು ವಾಪಸು ಬರುವಾಗ ವಿಮಾನದಲ್ಲಿ ಗಡದ್ದಾಗಿ ನಿದ್ದೆ ಹೊಡೆದಳಂತೆ. ಅವಳ ಹೊತ್ತು ಮುಕ್ಕಾಲು ಗಂಟೆ. ಕಿವಿ ಟಪ್ ಎಂದರೂ ಎಚ್ಚರವಾಗಲಿಲ್ಲವಂತೆ. ಇಲ್ಲಿ ಕೆಳಗೆ ಅಪ್ಪ ಮಗಳ ಮುಖ ನೋಡಲು ಹೊಸ ಷರಟು ಹಾಕಿಕೊಂಡು ಬಿಸಿಲಲ್ಲಿ ನಿಂತು ಬೆಂದುಹೋದರು. ಕೊನೆಗೆ ನೂಲಿನ ಗಿರಣಿಯ ನಾಲ್ಕು ಗಂಟೆಯ ಕೂಗು ಕೂಗುವ ಹೊತ್ತಿಗೆ ಅಮ್ಮ ಇಳಿದಳು. ಊರು ದಾಟಿ ಕೂತವರಿಗೆ ಆಗುವುದು ಅವಳಿಗೂ ಆಗಿತ್ತು. ಎಡಗಿವಿಯಿಂದ ರಕ್ತ ಇಳಿದು ರವಿಕೆಯ ಹೆಗಲು ನೆಂದಿತ್ತು. ಆ ಕಿವಿ ಮತ್ತೆ ಕೇಳಲಿಲ್ಲ.

ಊರು ದಾಟಿ ಕೂರಬಾರದು ಎಂದು ನಮ್ಮಲ್ಲಿ ಎಳೆಯ ಮಕ್ಕಳಿಗೂ ಗೊತ್ತು. ಮೊದಲು ತಲೆ ಸಿಡಿಯುತ್ತದೆ, ಆಮೇಲೆ ಕಿವಿ ಹೋಗುತ್ತದೆ, ಇನ್ನೂ ಕೂತರೆ ಏನಾಗುತ್ತದೋ ಹೇಳಲು ಯಾರೂ ಅಷ್ಟು ಕೂತಿಲ್ಲ. ಒಂದು ನಿದ್ದೆಗೋಸ್ಕರ ಕಿವಿ ಕಳೆದುಕೊಂಡ ಹೆಂಗಸು ಎಂದು ಊರು ನಕ್ಕಿತು. "ಅಂಬುಜಮ್ಮ, ಊರು ಬಂತು, ಏಳಿ!" ಎಂದು ಮದುವೆ ಮನೆಗಳಲ್ಲಿ, ರೇಷನ್ ಅಂಗಡಿಯ ಸಾಲಿನಲ್ಲಿ, ಒಮ್ಮೆ ಅಪ್ಪನ ತಿಥಿಯ ಊಟದಲ್ಲೂ ಯಾರೋ ತಮಾಷೆ ಮಾಡಿದರು. ಅಮ್ಮನೂ ಅವರ ಜೊತೆ ನಗುತ್ತಿದ್ದಳು. ತೀರಾ ಬೇಡದ ಮಾತು ಬಂದರೆ ಎಡಗಿವಿಯನ್ನು ಅವರ ಕಡೆ ತಿರುಗಿಸಿ ಕೂರುತ್ತಿದ್ದಳು.

ಮಡಿಲಲ್ಲಿದ್ದ ನಾನೂ ಮುಕ್ಕಾಲು ಗಂಟೆಯವಳೇ ತಾನೇ. ಅಂದರೆ ನಾನೂ ಊರು ದಾಟಿ ಕೂತವಳಾದೆ. ಹಸುಗೂಸಿನ ಕಿವಿ, ಒಳಗೆಲ್ಲ ಸೂಕ್ಷ್ಮವಾಗಿದೆ, ಇನ್ನೊಂದು ಸಲ ಮೇಲೆ ಹೋದರೆ ಎರಡೂ ಹೋಗಿಬಿಡುತ್ತವೆ ಎಂದು ಅಮ್ಮ ಹೇಳಿದಳು. ಊರು ಒಪ್ಪಿತು, ನಾನೂ ಒಪ್ಪಿದೆ. ಬುದ್ಧಿ ಬಂದಾಗಿನಿಂದ ಕಿವಿಗೆ ಹತ್ತಿ ಇಟ್ಟುಕೊಂಡೇ ಬೆಳೆದೆ. ಮದುವೆಯ ವಾಲಗದ ಹತ್ತಿರ ಸುಳಿಯುವಂತಿಲ್ಲ, ತಲೆಗೆ ನೀರು ಹಾಕಿಕೊಂಡರೆ ಅಮ್ಮನ ನೂರು ಮಾತು. ಹತ್ತಿ ಇದ್ದೂ ಪಕ್ಕದ ಬೀದಿಯ ಗಂಡಹೆಂಡಿರ ಜಗಳ ನನಗೆ ಅಕ್ಷರ ಬಿಡದೆ ಕೇಳುತ್ತಿತ್ತು. ಸೂಕ್ಷ್ಮ ಕಿವಿ ಎಂದರೆ ಹೀಗೇ ಇರಬೇಕು ಎಂದುಕೊಂಡಿದ್ದೆ. ನನಗಿಂತ ಆರು ವರ್ಷ ಚಿಕ್ಕವಳಾದ ತಂಗಿ ವನಮಾಲ ಹದಿನಾಲ್ಕಕ್ಕೆ ಅಮ್ಮನ ಕೈಗೆ ಕೈ ಕಟ್ಟಿಕೊಂಡು ಹೋಗಿ, ಮುಕ್ಕಾಲು ಗಂಟೆಗೆ ಇಳಿದು, ಬೆಲ್ಲ ತಿಂದು ಬಂದಳು. ನಾನು ಗೇಟಿನ ಹತ್ತಿರ ನಿಂತು ನೋಡಿದೆ. ಆಮೇಲೆ ಅಲ್ಲೇ ಅಂಗಡಿ ಹಾಕಿದೆ.

ಅವತ್ತು ಬೆಳಿಗ್ಗೆ ಚಿತ್ರಾನ್ನಕ್ಕೆ ಒಗ್ಗರಣೆ ಹಾಕುತ್ತಿದ್ದಾಗ ಎದುರೂರಿನಿಂದ ಅಮ್ಮನ ತಮ್ಮ ಶೇಷಗಿರಿ ಮಾವನ ಫೋನು ಬಂತು. ಅವರ ಮೊಮ್ಮಗಳ ನಾಮಕರಣಕ್ಕೆಂದು ಅಮ್ಮ ಅಲ್ಲಿಗೆ ಹೋಗಿ ನಾಲ್ಕು ದಿನವಾಗಿತ್ತು.

"ತಿಲ್ಲಿ, ನಿಮ್ಮಮ್ಮನಿಗೆ ಎದೆ ಹಿಡ್ಕೊಂಡಿದೆ. ದೊಡ್ಡಾಸ್ಪತ್ರೆಗೆ ಸೇರಿಸಿದೀವಿ. ಇವತ್ತೇ ಆಪರೇಷನ್ ಮಾಡ್ಬೇಕಂತೆ, ಏನಾಗುತ್ತೋ ಹೇಳಕ್ಕಾಗಲ್ಲ ಅಂತಿದಾರೆ. ವನಮಾಲನ್ನ ಇವತ್ತಿನ ವಿಮಾನಕ್ಕೇ ಕಳಿಸು."

ನನ್ನ ಪೂರ್ತಿ ಹೆಸರು ತಿಲೋತ್ತಮೆ. ಅದನ್ನು ಪೂರ್ತಿ ಕರೆಯುವವಳು ಅಮ್ಮ ಒಬ್ಬಳೇ. "ನಾನೂ ಬರ್ತೀನಿ ಮಾವ" ಎಂದೆ.

"ನಿನ್ನ ಕಿವಿ?"

"ಕಿವಿ ಹಾಳಾಗಿಹೋಗ್ಲಿ. ಅಮ್ಮನ್ನ ನೋಡ್ಬೇಕು ನಾನು."

"ಬೇಡ ತಿಲ್ಲಿ, ಅಕ್ಕ ಒಪ್ಪಲ್ಲ" ಎಂದರು ಮಾವ. ನನಗೆ ಸಿಟ್ಟು ನೆತ್ತಿಗೇರಿತು. ಮಲಗಿರುವವಳ ಒಪ್ಪಿಗೆ ಯಾರು ಕೇಳಿದರು? ಫೋನು ಇಟ್ಟು, ವನಮಾಲಳಿಗೆ ಸುದ್ದಿ ಮುಟ್ಟಿಸಿ, ಒಲೆ ಆರಿಸಿ, ಅಂಗಡಿಯ ಬಾಗಿಲು ಎಳೆದೆ. ಮುಕ್ಕಾಲು ಗಂಟೆ ತಾನೇ, ಕಿವಿ ಒಡೆದುಹೋಗಲು ಅಷ್ಟು ಹೊತ್ತು ಸಾಲದು ಎಂದು ಧೈರ್ಯ ಹೇಳಿಕೊಂಡೆ. ಹತ್ತಿಯನ್ನು ಮಾತ್ರ ಎಂದಿಗಿಂತ ದಪ್ಪ ಉಂಡೆ ಮಾಡಿ ತುರುಕಿಕೊಂಡೆ.

ವಿಮಾನದ ಗಗನಸಖಿ ಕಸ್ತೂರಿ ನನ್ನ ಅಂಗಡಿಯ ಖಾಯಂ ಗಿರಾಕಿ. ನನ್ನನ್ನು ಮೆಟ್ಟಿಲ ಮೇಲೆ ನೋಡಿ ಕಣ್ಣರಳಿಸಿದಳು. ಅಮ್ಮನ ವಿಷಯ ಹೇಳಿದೆ. ಅವಳು ಅಯ್ಯೋ ಎಂದು ಕೈ ಹಿಡಿದುಕೊಂಡಳು. ಆದರೂ ಬೀರುವಿನಿಂದ ಹಳದಿ ದಾರದ ಉಂಡೆ ತೆಗೆದಳು.

"ಈಗ ಇದೆಲ್ಲ ಯಾಕೆ ಕಸ್ತೂರಿ?"

"ಮೊದಲ ಸಲ ಹತ್ತೋರು ದಾರ ಇಲ್ದೆ ದಾಟಬಾರದು ತಿಲ್ಲಕ್ಕ. ತಾಯಿ ಜೊತೆಗಿಲ್ಲದಿದ್ರೆ ಒಡಹುಟ್ಟಿದೋರ ಕೈಗೆ ಕಟ್ಟೋದು. ಒಳ್ಳೇದಾಗ್ಲಿ ಅಂತ ಕಟ್ತೀನಿ, ಸುಮ್ನಿರಿ."

ನನ್ನ ಎಡಗೈಗೂ ವನಮಾಲಳ ಬಲಗೈಗೂ ದಾರ ಕಟ್ಟಿದಳು. ತಲೆ ನರೆತ ಹೆಂಗಸಿಗೆ ಹುಡುಗಿಯರ ಶಾಸ್ತ್ರ ಎಂದು ವಿಮಾನದವರೆಲ್ಲ ಚಪ್ಪಾಳೆ ತಟ್ಟಿದರು. ಹಿಂದಿನ ಸಾಲಿನ ಖಾದರ್ ಸಾಬರು ಮಾತ್ರ ತಟ್ಟಲಿಲ್ಲ. ದಿಂಬನ್ನು ಮಡಿಲಲ್ಲಿಟ್ಟುಕೊಂಡು ನನ್ನನ್ನೇ ನೋಡುತ್ತಿದ್ದರು. ಬುತ್ತಿ ಕಟ್ಟದೆ ಅಂಗಡಿ ಮುಚ್ಚಿದ್ದಕ್ಕೆ ಬೇಜಾರಾಗಿರಬೇಕು ಎಂದುಕೊಂಡೆ.

ವಿಮಾನ ಮೇಲೆದ್ದಾಗ ನನ್ನ ಹೊಟ್ಟೆ ಕೆಳಗೇ ಉಳಿಯಿತು. ಆದರೆ ಕಿವಿಗೆ ಏನೂ ಆಗಲಿಲ್ಲ. ಸ್ವಲ್ಪ ಹೊತ್ತಿಗೆ ಪೋಸ್ಟ್‌ಮಾಸ್ತರರು ಎದ್ದು, ಹೆಂಡತಿಗೆ ತಲೆಯಾಡಿಸಿ, ಪರದೆ ದಾಟಿ ಹೋದರು. ಆಮೇಲೆ ಇಬ್ಬರು ಹುಡುಗಿಯರು. ಆಮೇಲೆ ಅಂಗಾಲು ನೋವಿನ ಮೇಷ್ಟ್ರೊಬ್ಬರು. ಎಷ್ಟು ಸಲೀಸು ಎಂದು ಆಶ್ಚರ್ಯವಾಯಿತು. ಇಷ್ಟಕ್ಕೆ ನಾನು ಇಷ್ಟು ವರ್ಷ ಹೆದರಿ ಕೂತಿದ್ದೆನೇ! ವನಮಾಲ ಕಿಟಕಿಯ ಕಡೆ ಮುಖಮಾಡಿ ಸದ್ದಿಲ್ಲದೆ ಅಳುತ್ತಿದ್ದಳು. ಇನ್ನೇನು ಬಂದೇಬಿಟ್ಟಿತು, ಇಬ್ಬರೂ ಅಮ್ಮನ ಒಂದೊಂದು ಕೈ ಹಿಡಿದುಕೊಳ್ಳೋಣ ಎಂದೆ.

ಅಷ್ಟರಲ್ಲಿ ಅವಳು ಕಿವಿ ಮುಟ್ಟಿಕೊಂಡಳು. "ಟಪ್ ಅಂತು. ಏಳು ಅಕ್ಕ."

"ನನಗೇನೂ ಆಗ್ಲಿಲ್ಲ ಕಣೇ."

"ಹಿಡಿಯಷ್ಟು ಹತ್ತಿ ತುರುಕ್ಕೊಂಡಿದೀಯ, ಇನ್ನೇನು ಆಗುತ್ತೆ? ಏಳು ಏಳು."

ಅದೂ ಸರಿಯೇ ಎನಿಸಿತು. ಇಬ್ಬರೂ ಎದ್ದೆವು. ಯಾರೋ "ಬೆಲ್ಲ ತಿನ್ನೋದು ಮರೀಬೇಡಿ" ಎಂದರು. ಕಸ್ತೂರಿ ಪರದೆ ಎತ್ತಿ ಹಿಡಿದಳು. ವನಮಾಲ ಮುಂದೆ, ನಾನು ಹಿಂದೆ. ಅವಳ ಕೈ ನನ್ನ ಕೈಯನ್ನು ಎಳೆಯುತ್ತಿತ್ತು. ಪರದೆಯ ಬಟ್ಟೆ ನನ್ನ ಮುಖಕ್ಕೆ ತಾಗಿತು, ಕಾಲು ಮುಂದಿಟ್ಟೆ.

ಆಚೆ ಎದುರೂರು ಇರಲಿಲ್ಲ. ಚಹಾದ ಫ್ಲಾಸ್ಕು, ಒಂದರ ಮೇಲೊಂದು ಜೋಡಿಸಿದ ತಟ್ಟೆಗಳು, ಒಂದು ತಗಡಿನ ಗೋಡೆ, ಗೋಡೆಗೊಂದು ಸಣ್ಣ ಕನ್ನಡಿ. ಕನ್ನಡಿಯಲ್ಲಿ ಎರಡೂ ಕಿವಿಗೆ ಹತ್ತಿ ಇಟ್ಟುಕೊಂಡ ನಾನು. ವನಮಾಲ ಇರಲಿಲ್ಲ. ಕೈ ನೋಡಿದೆ. ದಾರದ ಒಂದು ಕುಣಿಕೆ ನನ್ನ ಮಣಿಕಟ್ಟಿನಲ್ಲಿತ್ತು. ಇನ್ನೊಂದು ಕುಣಿಕೆ, ಗಂಟು ಹಾಕಿದ ಹಾಗೇ, ಒಳಗೆ ಕೈಯಿಲ್ಲದೆ ನೇತಾಡುತ್ತಿತ್ತು.

ಮೊದಲು ನನಗೆ ಬಂದ ಯೋಚನೆ, ತಂಗಿಗೆ ಏನೋ ಆಗಿಹೋಯಿತು ಎಂದು. "ವನೂ! ವನೂ!" ಎಂದು ಕಿರುಚಿದೆ. ತಟ್ಟೆಗಳ ಹಿಂದೆ ಹುಡುಕಿದೆ. "ಕಸ್ತೂರಿ, ನನ್ನ ತಂಗಿ ಎಲ್ಲೇ?"

"ಅವರು ಇಳಿದ್ರು ಅಕ್ಕ." ಅವಳ ಮುಖದಲ್ಲಿ ರಕ್ತವೇ ಇರಲಿಲ್ಲ.

"ಮತ್ತೆ ನಾನು?"

ನಾನು ಕಿವಿಯ ಹತ್ತಿ ಕಿತ್ತು ಬಿಸಾಡಿ ಇನ್ನೊಮ್ಮೆ ಪರದೆ ದಾಟಿದೆ. ಫ್ಲಾಸ್ಕು, ತಟ್ಟೆ, ತಗಡು. ಮತ್ತೊಮ್ಮೆ ಹಿಂದಕ್ಕೆ ಬಂದು ಮತ್ತೊಮ್ಮೆ ದಾಟಿದೆ. ಮುಷ್ಟಿ ಕಟ್ಟಿ ತಗಡನ್ನು ಗುದ್ದಿದೆ. ಕಸ್ತೂರಿ ನನ್ನ ಸೊಂಟ ಹಿಡಿದು ಎಳೆದುಕೊಂಡು ಬಂದು ಸೀಟಿನಲ್ಲಿ ಕೂರಿಸಿದಳು. ಚಪ್ಪಾಳೆ ತಟ್ಟಿದವರೆಲ್ಲ ಈಗ ತಂತಮ್ಮ ಮಡಿಲು ನೋಡಿಕೊಳ್ಳುತ್ತಿದ್ದರು. ಪೋಸ್ಟ್‌ಮಾಸ್ತರರ ಹೆಂಡತಿ ಬಾಯಿಗೆ ಸೆರಗು ಒತ್ತಿಕೊಂಡಿದ್ದರು. ನಮ್ಮೂರಿನವರಿಗೆ ಇದರ ಅರ್ಥ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಒಂದೇ ತಾಯಿಯ ಹೊಟ್ಟೆಯಲ್ಲಿ ಹುಟ್ಟಿದವರು ಒಟ್ಟಿಗೆ ಇಳಿಯುತ್ತಾರೆ.

ಅಳು ಬರಲಿಲ್ಲ. ನನ್ನ ಕೈಯನ್ನೇ ತಿರುಗಿಸಿ ತಿರುಗಿಸಿ ನೋಡಿದೆ. ಅಮ್ಮನ ಕೈಯ ಹಾಗೇ ಇದೆ ಎಂದು ಎಲ್ಲರೂ ಹೇಳುತ್ತಿದ್ದ ಕೈ. ಯಾರ ಕೈ ಇದು? ನಲವತ್ತೆರಡು ವರ್ಷದ ಹೆಂಗಸು ನಾನು, ಒಂದು ಪರದೆ ದಾಟುವಷ್ಟರಲ್ಲಿ ಯಾರ ಮಗಳೂ ಅಲ್ಲದವಳಾಗಿದ್ದೆ. ಅದೂ ಊರಿನ ಅರ್ಧ ಜನದ ಎದುರಿಗೆ.

ಆಮೇಲೆ ಸಿಟ್ಟು ಬಂತು. ಅಂಥ ಸಿಟ್ಟು ನನಗೆ ಜನ್ಮದಲ್ಲಿ ಬಂದಿರಲಿಲ್ಲ. ಕಿವಿಯ ಮೇಲೆ ಹೂವಿಡುವವರನ್ನು ನೋಡಿದ್ದೆ. ನನ್ನಮ್ಮ ಕಿವಿಯೊಳಗೇ ಹತ್ತಿ ಇಟ್ಟಿದ್ದಳು. ಸೂಕ್ಷ್ಮವೂ ಇಲ್ಲ, ಮಣ್ಣೂ ಇಲ್ಲ. ನಾನು ವಿಮಾನ ಹತ್ತಬಾರದು, ಅಷ್ಟೇ. ಹತ್ತಿದರೆ ಗುಟ್ಟು ಒಡೆಯುತ್ತದೆ. ಅದಕ್ಕೇ ವಾಲಗ ಬೇಡ, ತಣ್ಣೀರು ಬೇಡ, ಶಾಸ್ತ್ರ ಬೇಡ. ಅವಳ ಮುಖದ ಎದುರು ನಿಂತು ಯಾಕೆ ಹೀಗೆ ಮಾಡಿದೆ ಎಂದು ಕೇಳಬೇಕು ಎನಿಸಿತು. ಮರುಗಳಿಗೆ ಆಸ್ಪತ್ರೆ ನೆನಪಾಯಿತು. ಕೇಳಲು ಅವಳು ಇರಬೇಕಲ್ಲ! ಅಲ್ಲಿ ಎದೆ ಹಿಡಿದುಕೊಂಡು ಮಲಗಿದ್ದಾಳೆ, ಇವತ್ತೇ ಆಪರೇಷನ್ನು, ಏನಾಗುತ್ತೋ ಗೊತ್ತಿಲ್ಲ. ನನ್ನ ಹೊತ್ತು ಎಷ್ಟು? ಮೂರು ಗಂಟೆಯೇ, ಹತ್ತು ಗಂಟೆಯೇ? ಹೇಳುವವಳು ಹೆತ್ತವಳು. ಅವಳು ಯಾರೋ.

ಒಬ್ಬೊಬ್ಬರೇ ಎದ್ದು ಹೋದರು. ಹೋಗುವಾಗ ಯಾರೂ ನನ್ನ ಕಡೆ ನೋಡಲಿಲ್ಲ. ಪೋಸ್ಟ್‌ಮಾಸ್ತರರ ಹೆಂಡತಿ ಮಾತ್ರ ತಮ್ಮ ಕಡಲೆಕಾಯಿ ಪೊಟ್ಟಣವನ್ನು ನನ್ನ ಪಕ್ಕದಲ್ಲಿಟ್ಟು ಹೋದರು. ಹಿಂದಿನ ದಿನ ನಾನೇ ಮಾರಿದ ಪೊಟ್ಟಣ ಅದು. ಕೊನೆಗೆ ವಿಮಾನದಲ್ಲಿ ಕಸ್ತೂರಿ, ನಾನು, ಖಾದರ್ ಸಾಬರು ಉಳಿದೆವು. ಸಾಬರು ದಿಂಬು ಹಿಡಿದು ಬಂದು ವನಮಾಲ ಕೂತಿದ್ದ ಸೀಟಿನಲ್ಲಿ ಕೂತರು.

"ಏನಾದ್ರೂ ತಿನ್ನಮ್ಮ."

"ತಿನ್ನೋದಾ? ಸಾಬರೇ, ಊರೆಲ್ಲ ನಮ್ಮಮ್ಮನ್ನ ಆಡ್ಕೊಂಡು ನಗುವಾಗ ನನಗೆ ಅಯ್ಯೋ ಅನ್ನಿಸ್ತಿತ್ತು. ಈಗ ನೋಡಿದ್ರೆ ಅವಳೇ ನನ್ನನ್ನ ಆಟ ಆಡ್ಸಿದಾಳೆ." ನನ್ನ ದನಿ ನನಗೇ ಗುರುತು ಸಿಗಲಿಲ್ಲ. ಸುಮ್ಮನೆ ಯಾರ ಮೇಲಾದರೂ ಹರಿಹಾಯಬೇಕಾಗಿತ್ತು. "ನೀವು ವಾರವಾರ ಹೋಗೋರು. ಅವಳು ನಿದ್ದೆ ಹೊಡೆದ ದಿನ ನೀವೂ ಇದ್ರಾ ವಿಮಾನದಲ್ಲಿ?"

"ಇದ್ದೆ."

"ಮತ್ತೆ ಒಂದು ಮಾತು ಎಬ್ಬಿಸಬಾರದಿತ್ತಾ? ಕಿವಿಯಾದ್ರೂ ಉಳೀತಿತ್ತು."

ಸಾಬರು ದಿಂಬಿನ ಮೂಲೆ ಹಿಸುಕುತ್ತಾ ಕೂತರು. "ನಿದ್ದೆ ಮಾಡಿದ್ರೆ ತಾನೇ ಎಬ್ಬಿಸೋದು" ಎಂದರು.

ನನಗೆ ಅರ್ಥವಾಗಲಿಲ್ಲ. ಆಮೇಲೆ ಅರ್ಥವಾಗತೊಡಗಿತು. ಅಮ್ಮನಿಗೆ ಬೆಕ್ಕು ನಡೆದರೂ ಎಚ್ಚರವಾಗುತ್ತದೆ. ನಮಗೆ ಜ್ವರ ಬಂದ ರಾತ್ರಿಗಳಲ್ಲಿ ಅವಳು ಗೋಡೆಗೆ ಒರಗಿ ಕೂತೇ ಬೆಳಗು ಮಾಡಿದ್ದನ್ನು ನೋಡಿದ್ದೇನೆ. ಅಂಥ ಹೆಂಗಸು ಮೂರು ತಿಂಗಳ ಕೂಸನ್ನು ಮಡಿಲಲ್ಲಿಟ್ಟುಕೊಂಡು ಮೈಮರೆತು ನಿದ್ದೆ ಹೊಡೆದಳು ಎಂದು ಊರು ಹೇಳಿತು, ನಾವೆಲ್ಲ ನಂಬಿದೆವು.

"ನನಗಾಗ ಮದುವೆ ಕೂಡ ಆಗಿರ್ಲಿಲ್ಲ" ಎಂದು ಸಾಬರು ನಿಧಾನವಾಗಿ ಹೇಳಿದರು. "ಅವತ್ತು ಮಿಕ್ಕೋರೆಲ್ಲ ಬೇಗ ಇಳಿದುಹೋಗಿದ್ರು. ನಿಮ್ಮಮ್ಮ ಮುಂದಿನ ಸಾಲಲ್ಲಿದ್ರು. ಕಿವಿ ಟಪ್ ಅಂತು, ಎದ್ರು, ನಿನ್ನ ಎತ್ಕೊಂಡು ಪರದೆಗೆ ಹೋದ್ರು. ಒಂದು ಕಾಲು ಆಚೆ ಇಟ್ರು. ಇಟ್ಟೋರೇ ಕಿಟಾರನೆ ಕಿರುಚಿ ಹಿಂದಕ್ಕೆ ಬಂದ್ರು. ಕಾಲು ಇಡ್ತಿದ್ದ ಹಾಗೆ ಕೈಯಲ್ಲಿದ್ದ ನೀನು ಹಗುರ ಆಗ್ಬಿಟ್ಟೆಯಂತೆ, ಬರೀ ಬಟ್ಟೆ ಹಿಡಿದ ಹಾಗೆ. ಇನ್ನೊಂದು ಹೆಜ್ಜೆ ಇಟ್ಟಿದ್ರೆ ಅವರು ಕೆಳಗೆ, ನೀನು ಇಲ್ಲಿ ನೆಲದ ಮೇಲೆ."

ಕಸ್ತೂರಿ ಕೈಯಲ್ಲಿದ್ದ ಲೋಟ ಕೆಳಗಿಟ್ಟಳು.

"ಅವರಿಗೆ ಹುಟ್ಟಿದ ಮಗು ಉಳಿಯಲಿಲ್ಲವಂತೆ ಅಮ್ಮ. ಪಕ್ಕದ ಮಂಚದಲ್ಲಿದ್ದ ಹುಡುಗಿ ನಿನ್ನ ಹೆತ್ತು ತೀರಿಕೊಂಡ್ಲಂತೆ, ಹೇಳೋರು ಕೇಳೋರು ಯಾರೂ ಬರಲಿಲ್ಲವಂತೆ. ಇವರೇ ಎದೆಗೆ ಹಾಕ್ಕೊಂಡ್ರು. ನನ್ನ ಹಾಲು ಕುಡಿದಿದೆಯಲ್ಲ ಅಣ್ಣ, ನನ್ನ ಹೊತ್ತೇ ಬಂದಿರುತ್ತೆ ಅಂದ್ಕೊಂಡಿದ್ದೆ ಅಂತ ಅಳ್ತಿದ್ರು. ಆಗಿನ ಗಗನಸಖಿ ಒಬ್ಬ ವಯಸ್ಸಾದ ಹೆಂಗಸು. ನೀನು ಇಳಿಯಮ್ಮ, ಕೂತ್ರೆ ಸಾಯ್ತೀಯ, ಮಗುನ ನಾವು ನೋಡ್ಕೋತೀವಿ ಅಂದ್ರು. ನಾನೂ ಹೇಳ್ದೆ, ಕೊನೇವರೆಗೂ ಇರೋನು ನಾನು, ನನ್ನ ಕೈಗೆ ಕೊಡಿ ಅಂತ. ನಿಮ್ಮಮ್ಮ ಏನಂದ್ರು ಗೊತ್ತಾ? ಈ ಮಗು ನಿನಗಿಂತಲೂ ದೂರದ್ದಾದ್ರೆ? ನೀನು ಇಳಿದ ಮೇಲೆ ಇದು ಒಂದೇ ಹಾರ್ತಾ ಇರಬೇಕಾ? ಅಂದ್ರು."

"ನನ್ನ ಹೊತ್ತು ಅವಳಿಗೆ ಗೊತ್ತಿರ್ಲಿಲ್ಲ" ಎಂದೆ.

"ಯಾರಿಗೆ ಗೊತ್ತಿತ್ತು? ಒಂದು ದಿನ ಆಗಿದ್ರೂ ಆಗ್ತಿತ್ತು. ಸೀಟಿನ ಕೈ ಗಟ್ಟಿಯಾಗಿ ಹಿಡ್ಕೊಂಡು ಕೂತ್ರು. ತಲೆ ಸಿಡಿದು ವಾಂತಿ ಮಾಡ್ಕೊಂಡ್ರು. ಆಮೇಲೆ ಕಿವಿಯಿಂದ ರಕ್ತ ಶುರುವಾಯ್ತು. ನಿನ್ನ ಮೇಲೆ ಬೀಳಬಾರದು ಅಂತ ಕತ್ತು ಓರೆ ಮಾಡ್ಕೊಂಡೇ ಇದ್ರು. ಆಗಾಗ ಎದ್ದು, ಸೀಟು ಹಿಡ್ಕೊಂಡು ಹಿಡ್ಕೊಂಡು ಹೋಗಿ, ನಿನ್ನ ಪುಟ್ಟ ಕಾಲನ್ನ ಪರದೆಗೆ ತಾಗಿಸಿ ನೋಡೋರು, ಊರು ಬಂತಾ ಅಂತ. ಬಂದಿರ್ತಿರ್ಲಿಲ್ಲ. ಮತ್ತೆ ಬಂದು ಕೂರೋರು. ಕೊನೆಗೆ ಒಂದು ಸಲ ಹೋದೋರು ತಿರುಗಿ ಬರಲಿಲ್ಲ. ಅಷ್ಟೊತ್ತಿಗೆ ನಮ್ಮಿಬ್ಬರ ಹತ್ರಾನೂ ಆಣೆ ಮಾಡಿಸ್ಕೊಂಡಿದ್ರು. ಯಾರು ಕೇಳಿದ್ರೂ ನಿದ್ದೆ ಹೋಗಿದ್ದೆ ಅಂತ ಹೇಳಿ ಅಂದ್ರು."

ನಾನು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡೆ. ಅಪ್ಪನ ತಿಥಿಯ ಊಟದಲ್ಲಿ ಅಮ್ಮ ನಕ್ಕದ್ದು ಕಣ್ಣಿಗೆ ಬಂತು. "ಊರು ಬಂತು, ಏಳಿ" ಎಂದವನ ಎಲೆಗೆ ಅವಳು ನಗುತ್ತಲೇ ಇನ್ನೊಂದು ಹೋಳಿಗೆ ಬಡಿಸಿದ್ದಳು. ಆಗ ನನಗೆ ಅಳು ಬಂತು. ಎಂಥ ಅಳು ಎಂದರೆ, ಉಸಿರು ಸಿಗದೆ ಕಸ್ತೂರಿ ಬೆನ್ನು ತಟ್ಟಬೇಕಾಯಿತು. ಅತ್ತು ಮುಗಿದ ಮೇಲೆ ಒಂದು ವಿಷಯ ಹೊಳೆಯಿತು. ಅವತ್ತಿನ ವಿಮಾನವೂ ಹನ್ನೆರಡಕ್ಕೇ ಹೊರಟದ್ದು. ಇಳಿದಾಗ ಗಿರಣಿಯ ನಾಲ್ಕು ಗಂಟೆಯ ಕೂಗು ಕೂಗಿತ್ತು. ಅಮ್ಮನ ನಿದ್ದೆ ಎಂದು ಊರು ನಕ್ಕದ್ದು ನನ್ನ ಹೊತ್ತು.

ನಾಲ್ಕಕ್ಕೆ ಇನ್ನೂ ಒಂದು ಗಂಟೆಯಿತ್ತು. ಆ ಒಂದು ಗಂಟೆಯನ್ನು ಹೇಗೆ ಕಳೆದೆನೋ ದೇವರಿಗೇ ಗೊತ್ತು. ಕೂರಲಾಗದೆ ಪರದೆಯ ಮುಂದೆ ನಿಂತೆ. ಅವಳು ಬದುಕಿರಲಿ, ಬದುಕಿರಲಿ ಎಂದು ಅದೊಂದನ್ನೇ ಹೇಳಿಕೊಳ್ಳುತ್ತಿದ್ದೆ. ಕೊನೆಗೆ ಬಲಗಿವಿಯೊಳಗೆ ಟಪ್ ಎಂದಿತು. ಎಷ್ಟು ಸಣ್ಣ ಸದ್ದು ಅದು, ಹುರಿಗಡಲೆ ಕಡಿದಷ್ಟು. ತಿರುಗಿ ಸಾಬರ ಕಡೆ ನೋಡಿ ಕೈ ಮುಗಿದೆ, ಪರದೆ ದಾಟಿದೆ.

ಈ ಸಲ ಎದುರೂರು ಇತ್ತು. ಶೇಷಗಿರಿ ಮಾವ ಎದುರಿಗೇ ನಿಂತಿದ್ದರು. ಯಾವ ಹೊತ್ತಿಗೆ ಬರಬೇಕೆಂದು ಅವರಿಗೆ ಗೊತ್ತಿತ್ತು. ನಾನು ಬಾಯಿ ತೆರೆಯುವ ಮೊದಲೇ, "ಇದಾಳೆ, ಇದಾಳೆ" ಎಂದರು. ಆಮೇಲೆ ನನ್ನ ಮಣಿಕಟ್ಟು ಹಿಡಿದು ಹಳದಿ ದಾರ ಬಿಚ್ಚಿದರು. ಜೇಬಿನಿಂದ ಕಾಗದದ ಪೊಟ್ಟಣ ತೆಗೆದರು. "ವನಮಾಲ ಒಬ್ಬಳೇ ಒಳಗೆ ಬಂದು ನೀನು ಇಳೀಲಿಲ್ಲ ಅಂದದ್ದು ಕೇಳಿ ಅಕ್ಕನಿಗೆ ಎಲ್ಲ ಗೊತ್ತಾಗೋಯ್ತು. ಮೊದಲು ಹೇಳಿದ್ದೇ ಇದು. ನಾಲ್ಕಕ್ಕೆ ಇಳೀತಾಳೆ, ಹೋಗಿ ಬಾಯಿಗೆ ಬೆಲ್ಲ ಹಾಕು ಅಂತ." ಬೆಲ್ಲ ಬಾಯಲ್ಲಿಟ್ಟುಕೊಂಡೇ ಆಟೋ ಹತ್ತಿದೆ.

ಆಸ್ಪತ್ರೆಯ ಬಾಗಿಲಲ್ಲೇ ವನಮಾಲ ಓಡಿಬಂದು ತಬ್ಬಿಕೊಂಡಳು. "ತಿರುಗಿ ನೋಡಿದ್ರೆ ನೀನು ಇರ್ಲಿಲ್ಲ ಅಕ್ಕ" ಎಂದು ಅದನ್ನೇ ಹತ್ತು ಸಲ ಹೇಳಿದಳು. ಅವಳ ಹಿಂದೆ ಬಂದ ಡಾಕ್ಟರಮ್ಮ ಕೆಂಡಾಮಂಡಲವಾಗಿದ್ದರು.

"ನೀವೇನಾ ದೊಡ್ಡ ಮಗಳು? ಒಂದು ಗಂಟೆಗೇ ಆಗಬೇಕಾಗಿದ್ದ ಆಪರೇಷನ್ ಇದು. ನಿಮ್ಮ ತಾಯಿ ಒಪ್ಪಿಗೇನೇ ಕೊಡ್ತಿಲ್ಲ. ಮಗಳು ಇನ್ನೂ ಮೇಲಿದಾಳೆ, ಅವಳು ಇಳೀದೆ ನಾನು ಕಣ್ಣು ಮುಚ್ಚಲ್ಲ ಅಂತಾರೆ. ಸುಮ್ಮನೆ ಮಲಗ್ಲಿ ಅಂತ ಎರಡು ಸಲ ಔಷಧಿ ಕೊಟ್ಟೆವು. ಆನೆ ಕೂಡ ಮಲಗ್ಬೇಕು. ಇವರು ಮಲಗ್ತಿಲ್ಲ. ನನ್ನ ಸರ್ವೀಸಲ್ಲಿ ಇಂಥವರನ್ನ ನೋಡಿಲ್ಲ."

ಆಪರೇಷನ್ ಕೋಣೆಯ ಹೊರಗೆ ಗಾಲಿಮಂಚದ ಮೇಲೆ ಅಮ್ಮ ಇದ್ದಳು. ಎಷ್ಟು ಚಿಕ್ಕವಳಾಗಿಬಿಟ್ಟಿದ್ದಳು! ಕಣ್ಣಿನ ರೆಪ್ಪೆ ತಾನಾಗಿ ಇಳಿಯುತ್ತಿತ್ತು, ಅವಳು ಅದನ್ನು ಮತ್ತೆ ಎತ್ತುತ್ತಿದ್ದಳು. ಎಡಗೈಯಿಂದ ಬಲತೋಳನ್ನು ಚಿವುಟಿಕೊಳ್ಳುತ್ತಿದ್ದಳು. ಮೊಣಕೈಯಿಂದ ಮಣಿಕಟ್ಟಿನವರೆಗೆ ಚಿವುಟಿದ ಗುರುತುಗಳು ನೀಲಿಗಟ್ಟಿದ್ದವು. ನಾನು ಓಡಿಹೋಗಿ ಆ ಕೈ ಹಿಡಿದೆ.

ಅವಳು ನನ್ನ ಮುಖ ನೋಡಲಿಲ್ಲ, ಮೊದಲು ಕಿವಿ ನೋಡಿದಳು. ಬೆರಳು ಚಾಚಿ ನನ್ನ ಎಡಗಿವಿಯನ್ನು ಮುಟ್ಟಿ, ಬೆರಳ ತುದಿಯನ್ನು ಕಣ್ಣ ಹತ್ತಿರ ತಂದು ನೋಡಿಕೊಂಡಳು. ಆಮೇಲೆ ಬಲಗಿವಿ. ಬೆರಳಿಗೆ ಏನೂ ಅಂಟಿರಲಿಲ್ಲ.

"ನೋಯ್ತಾ ತಿಲೋತ್ತಮೆ?"

ವಿಮಾನದಲ್ಲಿ ಕೂತು ಎಷ್ಟು ಪ್ರಶ್ನೆ ಜೋಡಿಸಿಕೊಂಡಿದ್ದೆ! ಒಂದೂ ನೆನಪಿಗೆ ಬರಲಿಲ್ಲ. ಅವಳ ಕೇಳುವ ಕಿವಿಯ ಕಡೆ ಬಗ್ಗಿದೆ. "ಇಲ್ಲಮ್ಮ, ಚೂರೂ ನೋಯಲಿಲ್ಲ. ನನ್ನ ಊರು ಬಂತು, ನಾನು ಇಳಿದಾಯ್ತು. ಇನ್ನು ನೀನು ಮಲಗು."

ಅಮ್ಮ ತಲೆಯಾಡಿಸಿದಳು. ಚಿವುಟುತ್ತಿದ್ದ ಕೈ ಸಡಿಲವಾಯಿತು. ಒಂದು ಉಸಿರು ಎಳೆದು ಬಿಡುವಷ್ಟರಲ್ಲಿ ನಿದ್ದೆ ಅಂಬುಜಮ್ಮ ನಿದ್ದೆ ಹೋದಳು.

ಅವಳನ್ನು ಒಳಗೆ ತಳ್ಳಿಕೊಂಡು ಹೋದರು. ಬಾಗಿಲು ಮುಚ್ಚುವ ಮೊದಲು ಡಾಕ್ಟರಮ್ಮ ತಿರುಗಿ ನನ್ನನ್ನು ನೋಡಿದರು. ಅವರ ಸಿಟ್ಟು ಇಳಿದಿತ್ತು.

"ಎಷ್ಟು ಹೊತ್ತಾಗುತ್ತೋ ಹೇಳಕ್ಕಾಗಲ್ಲ. ಇಲ್ಲಿ ಕೂತು ಏನು ಮಾಡ್ತೀರಿ, ಮನೆಗೆ ಹೋಗಿ" ಎಂದರು.

"ಪರವಾಗಿಲ್ಲ" ಎಂದೆ. "ನಾನು ಕೂತಿರ್ತೀನಿ."